ಅವ್ವನ ವೇಷ ತೊಟ್ಟ ಛಾಯಾಗ್ರಾಹಕಿ: ಜೋ ಸ್ಪೆನ್ಸ್

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿದರೆ, ಗೋಡೆಯಿಂದ ತುಸು ಮುಂದಕ್ಕೆ ಬಾಗಿ ನಿಂತ ಫೋಟೊಗಳ ಸಾಲು ಕಣ್ಣಿಗೆ ಬೀಳುತ್ತದೆ. ಮೊದಲು ಮನೆದೇವರು, ಆಮೇಲೆ ಮಠದ ಸ್ವಾಮಿಗಳು, ಅನಂತರ ಹಾರ ಹಾಕಿಸಿಕೊಂಡ ಹಿರಿಯರು, ಕೊನೆಗೆ ಮದುವೆಯಾದ ಹೊಸತರಲ್ಲಿ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡ ಗಂಡ-ಹೆಂಡಿರು. ಆ ಕೊನೆಯ ಚಿತ್ರವನ್ನು ನಿಧಾನವಾಗಿ ನೋಡಬೇಕು. ಹಿಂದೆ ಕಾಣುವ ಸರೋವರ ಪರದೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಗಂಡಿನ ಮೈಮೇಲಿನ ಕೋಟು ಸ್ಟುಡಿಯೋದವರದು. ಕೈಗಡಿಯಾರ ಕಾಣುವಂತೆ ಅವನ ಕೈಯನ್ನು ಮೊಣಕಾಲ ಮೇಲೆ ಇರಿಸಿದವನು ಫೋಟೊಗ್ರಾಫರ. ಹೆಣ್ಣಿನ ಸೆರಗು, ನೋಟ, ಕುರ್ಚಿಯ ಮೇಲಿಟ್ಟ ಬೆರಳು ಎಲ್ಲವೂ ಅವನು ಹೇಳಿದಂತೆ. ಅಲ್ಲಿ ನಡೆದದ್ದು ಎರಡು ನಿಮಿಷದ ನಾಟಕ. ಮನೆತನದ ಇತಿಹಾಸವಾಗಿ ಗೋಡೆಯೇರಿದ್ದು ಅದೇ.

ಆ ಸಾಲಿನಲ್ಲಿ ಏನಿಲ್ಲ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಗಜೇಂದ್ರಗಡ ನೇಕಾರರ ಊರು. ಮದುವೆಯಾಗಿ ಬಂದ ದಿನದಿಂದ ಕಣ್ಣು ಮಂಜಾಗುವವರೆಗೆ ಕಂಡಿಕೆ ಸುತ್ತಿದ ಅಜ್ಜಿಯು ಗೋಡೆಯ ಮೇಲೆ ಇಳಕಲ್ ಸೀರೆಯುಟ್ಟು ಕೈಕಟ್ಟಿ ಕುಳಿತಿರುತ್ತಾಳೆ. ರಾಟೆಯ ಮುಂದೆ ಕುಳಿತ ಆಕೆಯ ಚಿತ್ರ ಇರುವುದಿಲ್ಲ. ಮಳೆ ಕೈಕೊಟ್ಟ ವರುಷ ರೋಣದ ಎರೆಹೊಲವನ್ನು ಬಿಟ್ಟು ಗುಳೆ ಹೋದ ಮನೆಯವರ ಪಡಸಾಲೆಯಲ್ಲಿ ಗುಳೆಯ ಗಂಟುಮೂಟೆ ಕಾಣುವುದಿಲ್ಲ. 1980ರ ಜುಲೈನಲ್ಲಿ ನರಗುಂದದ ರೈತರು ಬಂಡೆದ್ದಾಗ ಮನೆಯೊಳಗೆ ನಡೆದ ಅಂಜಿಕೆ, ಅಳು, ಜಗಳಗಳನ್ನು ಯಾವ ಸ್ಟುಡಿಯೋವೂ ತೆಗೆದಿರಲಿಕ್ಕಿಲ್ಲ. ಕಾಯಿಲೆ, ಸಾಲ, ಸಿಟ್ಟು, ದುಡಿಮೆ ಇವು ನಾಲ್ಕೂ ಮನೆಯ ಫೋಟೊಗಳಿಂದ ಬಹಿಷ್ಕೃತವಾದ ಸಂಗತಿಗಳು.

ಇದೇ ಪ್ರಶ್ನೆಯನ್ನು ಲಂಡನ್ ನಗರದ ಒಬ್ಬ ಕಾರ್ಮಿಕರ ಮಗಳು ತನ್ನ ಮನೆಯ ಅಲ್ಬಮ್ಮಿಗೆ ಹಾಕಿದಳು. ಉತ್ತರ ಸಿಗದಿದ್ದಾಗ ಅಲ್ಬಮ್ಮಿನಲ್ಲಿಲ್ಲದ ಚಿತ್ರಗಳನ್ನು ತಾನೇ ಅಭಿನಯಿಸಿ ತೆಗೆಸಿಕೊಂಡಳು. ತಾಯಿಯ ಬಟ್ಟೆ ತೊಟ್ಟು ತಾಯಿಯಾದಳು, ತಂದೆಯಾದಳು, ಎಳೆಗೂಸಾದಳು. ಛಾಯಾಚಿತ್ರ ಕಲೆಯ ಚರಿತ್ರೆಯಲ್ಲಿ ಜೋ ಸ್ಪೆನ್ಸ್ ಎಂಬ ಹೆಸರು ನಿಂತಿರುವುದು ಈ ಕಾರಣಕ್ಕೆ. 1992ರಲ್ಲಿ ತೀರಿಕೊಂಡ ಅವರ ಬದುಕು, ಫೋಟೊ ಎಂದರೆ ನೆನಪಷ್ಟೇ ಎಂದು ನಂಬಿದವರಿಗೆ ಇಂದಿಗೂ ಕಸಿವಿಸಿ ತರುವಂಥದ್ದು.

ಟೈಪಿಸ್ಟಳ ಕೈಗೆ ಬಂದ ಕ್ಯಾಮೆರಾ

ಜೋ ಹುಟ್ಟಿದ್ದು 1934ರ ಜೂನ್ 15ರಂದು, ಲಂಡನ್ನಿನ ಅಂಚಿನಲ್ಲಿ. ತಂದೆ-ತಾಯಿಗಳು ದುಡಿಯುವ ವರ್ಗದವರು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯದಿಂದ ಲಂಡನ್ನಿನ ಲಕ್ಷಾಂತರ ಮಕ್ಕಳನ್ನು ಊರಾಚೆಗೆ ಸಾಗಿಸಿದರಷ್ಟೆ. ಜೋ ಕೂಡ ಆ ಮಕ್ಕಳಲ್ಲೊಬ್ಬಳು. ಯುದ್ಧಕಾಲದಲ್ಲಿ ತಾಯಿ ಕಾರ್ಖಾನೆಯ ಕೆಲಸಕ್ಕೆ ನಿಂತಳು. ಮನೆಯಿಂದ ಕಿತ್ತು ಬೇರೆಡೆ ನೆಟ್ಟ ಸಸಿಯಂತೆ ಬೆಳೆದ ಈ ಹುಡುಗಿಗೆ ಉಬ್ಬಸ, ಇಸುಬುಗಳು ಬೇಗನೇ ಅಂಟಿಕೊಂಡವು. ಹೆಚ್ಚಿನ ಓದು ಇಂಥ ಮನೆಯ ಹೆಣ್ಣುಮಕ್ಕಳಿಗೆ ಒದಗುವ ಕಾಲವಲ್ಲ. ಟೈಪಿಂಗು, ಶೀಘ್ರಲಿಪಿ ಕಲಿತು ಕಚೇರಿ ಕೆಲಸಕ್ಕೆ ಸೇರಿದರು.

ಹಾಗೆ ಸೇರಿದ ಒಂದು ಕಚೇರಿ ವ್ಯಾಪಾರಿ ಛಾಯಾಗ್ರಾಹಕರದು. ಕಾಗದ ಟೈಪು ಮಾಡುತ್ತಲೇ ಕತ್ತಲೆ ಕೋಣೆಯ ಕೆಲಸವನ್ನೂ ಕಣ್ಣಿನಿಂದ ಕಲಿತರು. 1967ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಮದುವೆ, ಕೂಸು-ಕುನ್ನಿ, ಮನೆಮಂದಿಯ ಗುಂಪು, ಅವಕಾಶ ಹುಡುಕುವ ನಟನಟಿಯರ ಮುಖಚಿತ್ರ ಇವೇ ಅಲ್ಲಿನ ಬಂಡವಾಳ. ಏಳು ವರುಷ ಅದನ್ನು ನಡೆಸಿದರು.

ಅವರ ಮುಂದಿನ ಬದುಕಿಗೆ ಈ ಏಳು ವರುಷ ಅತ್ಯಂತ ಮುಖ್ಯ. ಸ್ಟುಡಿಯೋಕ್ಕೆ ಬರುವವರು ತಾವಿರುವಂತೆ ಕಾಣಲು ಬರುವುದಿಲ್ಲ, ತಾವಿರಬೇಕಾದಂತೆ ಕಾಣಲು ಬರುತ್ತಾರೆ ಎಂಬುದನ್ನು ಅವರು ದಿನವೂ ಕಂಡರು. ಒಳಗೆ ಬರುವಾಗ ಮುಖ ಗಂಟಿಕ್ಕಿಕೊಂಡಿದ್ದ ದಂಪತಿಗಳನ್ನು ಒತ್ತಟ್ಟಿಗೆ ನಿಲ್ಲಿಸಿ, ಗದ್ದ ಎತ್ತಿಸಿ, ನಗಿಸಿ ಚಿತ್ರ ತೆಗೆದು ಕೊಡುವುದೇ ಕಸುಬು. ಗಜೇಂದ್ರಗಡದ ಬಸ್‌ ನಿಲ್ದಾಣದ ಬಳಿಯ ಸ್ಟುಡಿಯೋದವನಿಗಾಗಲಿ ಹ್ಯಾಂಪ್‌ಸ್ಟೆಡ್ಡಿನ ಸ್ಟುಡಿಯೋದವಳಿಗಾಗಲಿ ಈ ಕಸುಬಿನ ಗುಟ್ಟು ಒಂದೇ. ಬಹುತೇಕರು ಅದನ್ನು ಹೊಟ್ಟೆಪಾಡೆಂದು ಬಿಟ್ಟುಬಿಡುತ್ತಾರೆ. ಜೋ ಅವರಿಗೆ ಅದು ಕೊರೆಯತೊಡಗಿತು.

1974ರ ಹೊತ್ತಿಗೆ ಸ್ಟುಡಿಯೋ ಮುಚ್ಚಿತು. ಟೆರ್ರಿ ಡೆನೆಟ್ ಎಂಬ ಸಂಗಾತಿಯೊಡನೆ ಸೇರಿ ಅವರು ಫೋಟೊಗ್ರಫಿ ವರ್ಕ್‌ಶಾಪ್ ಎಂಬ ಸ್ವತಂತ್ರ ಸಂಸ್ಥೆ ಕಟ್ಟಿದರು. ಅದೇ ವರುಷ ಹುಟ್ಟಿದ ಹ್ಯಾಕ್ನಿ ಫ್ಲಾಷರ್ಸ್ ಎಂಬ ಮಹಿಳಾ ಗುಂಪಿಗೂ ಸೇರಿಕೊಂಡರು. ದುಡಿಯುವ ಹೆಂಗಸರನ್ನು ಕುರಿತು 1975ರಲ್ಲಿ, ಕೂಸುಗಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನಿಟ್ಟುಕೊಂಡು 1978ರಲ್ಲಿ ಈ ಗುಂಪು ಮಾಡಿದ ಪ್ರದರ್ಶನಗಳು ಹೆಸರಾದವು. ಆದರೆ ಪರರ ಬಡತನವನ್ನು ಚಿತ್ರ ತೆಗೆದು ತೋರಿಸುವುದರಲ್ಲಿ ಏನೋ ಕುಂದಿದೆ ಎಂಬ ಅನುಮಾನ ಅವರನ್ನು ಬಿಡಲಿಲ್ಲ. ಕ್ಯಾಮೆರಾದ ಹಿಂದೆ ನಿಂತವರಿಗೆ ಯಾವ ಅಪಾಯವೂ ಇಲ್ಲ, ಮುಂದೆ ನಿಂತವರಿಗೆ ಯಾವ ಅಧಿಕಾರವೂ ಇಲ್ಲ. ಹಾಗಿದ್ದರೆ ತಾನೇ ಏಕೆ ಮುಂದೆ ಬಂದು ನಿಲ್ಲಬಾರದು?

ಐನೂರ ಇಪ್ಪತ್ತೆಂಟು ತಿಂಗಳ ಬಳಿಕ

ಎಂಟೂವರೆ ತಿಂಗಳ ಕೂಸಾಗಿದ್ದಾಗಿನ ಅವರದೊಂದು ಚಿತ್ರ ಮನೆಯಲ್ಲಿತ್ತು. ಬತ್ತಲೆ ಮಲಗಿಸಿ ತೆಗೆಸಿದ್ದು. ನಮ್ಮ ಕಡೆಯೂ ಉಡುದಾರವೊಂದನ್ನೇ ತೊಟ್ಟ ಕೂಸನ್ನು ಬೋರಲು ಮಲಗಿಸಿ ಹೀಗೆ ಚಿತ್ರ ತೆಗೆಸುವ ರೂಢಿಯಿತ್ತು. ಆ ಚಿತ್ರ ತೆಗೆದ 528 ತಿಂಗಳ ಬಳಿಕ, ಅಂದರೆ ನಲವತ್ನಾಲ್ಕು ವರುಷಗಳಾದ ಮೇಲೆ, ಜೋ ಮತ್ತೆ ಬತ್ತಲೆಯಾಗಿ ಅದೇ ಭಂಗಿಯಲ್ಲಿ ಮಲಗಿದರು. ಡೆನೆಟ್ ಚಿತ್ರ ತೆಗೆದರು. ಕೂಸಿನ ಮೈಯಲ್ಲಿ ಮುದ್ದಾಗಿ ಕಂಡದ್ದು ನಡುವಯಸ್ಸಿನ ಹೆಂಗಸಿನ ಮೈಯಲ್ಲಿ ನೋಡುವವರನ್ನು ತಬ್ಬಿಬ್ಬುಗೊಳಿಸುತ್ತದೆ. ಒಂದೇ ದೇಹ, ಒಂದೇ ಭಂಗಿ. ಬದಲಾದದ್ದು ನೋಡುವವರ ಕಣ್ಣು.

ಇಂಥ ಚಿತ್ರಗಳನ್ನೂ ಮನೆಯ ಹಳೆಯ ಫೋಟೊಗಳನ್ನೂ ಬರಹವನ್ನೂ ಜೋಡಿಸಿ, ಕುಟುಂಬದ ಅಲ್ಬಮ್ಮಿನ ಆಚೆ ಎಂಬರ್ಥದ ಹೆಸರಿಟ್ಟು, 1979ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ಪ್ರದರ್ಶಿಸಿದರು. ಚಿತ್ರಗಳ ನಡುವಿನ ಖಾಲಿ ಜಾಗಗಳೇ ಅದರ ವಸ್ತು. ಹುಟ್ಟುಹಬ್ಬ, ಸಮುದ್ರತೀರ, ಹೊಸ ಅಂಗಿ ಇವೆಲ್ಲ ಇವೆ. ಕಾಯಿಲೆ ಇಲ್ಲ, ಕೆಲಸ ಇಲ್ಲ, ಮುರಿದ ಸಂಬಂಧ ಇಲ್ಲ. ಮನೆಯವರು ಸುಳ್ಳು ಹೇಳಿದರೆಂದು ಅವರ ದೂರಲ್ಲ. ಎಲ್ಲ ಮನೆಯವರೂ ಒಂದೇ ಸುಳ್ಳನ್ನು ಒಂದೇ ಬಗೆಯಲ್ಲಿ ಏಕೆ ಹೇಳುತ್ತಾರೆ ಎಂಬುದು ಅವರ ಕುತೂಹಲ. ನಲವತ್ತೈದರ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾಗಿ ಪಾಲಿಟೆಕ್ನಿಕ್ ಸೇರಿ, ಚಿತ್ರಗಳ ಸಿದ್ಧಾಂತವನ್ನು ಓದಿ, 1982ರಲ್ಲಿ ಪದವಿ ಮುಗಿಸಿದರು.

ಆ ಹೊತ್ತಿಗೆ ಡೆನೆಟ್ ಜೊತೆ ಮಾಡಿದ ಇನ್ನೊಂದು ಮಾಲಿಕೆಯಲ್ಲಿ ಒಂದು ಚಿತ್ರವಿದೆ. ಇಂಗ್ಲಿಷ್ ಮನೆಯೊಂದರ ಹೊಸ್ತಿಲಲ್ಲಿ ಜೋ ಪೊರಕೆ ಹಿಡಿದು ನಿಂತಿದ್ದಾರೆ. ಮೈಮೇಲೆ ಮಣಿಸರ, ಸೊಂಟಕ್ಕೊಂದು ವಸ್ತ್ರ, ಪಕ್ಕದಲ್ಲಿ ಹಾಲಿನ ಬಾಟಲಿ. ವಸಾಹತುಗಳ ಜನರನ್ನು ಬ್ರಿಟಿಷರು ನಿಲ್ಲಿಸಿ ತೆಗೆಯುತ್ತಿದ್ದ ಮಾದರಿಚಿತ್ರಗಳನ್ನು ತಿರುಗಿಸಿ ಅವರದೇ ಬಾಗಿಲಿಗೆ ತಂದು ನಿಲ್ಲಿಸಿದ ಅಣಕು ಅದು. ಭಾರತದ ಜನಜಾತಿಗಳನ್ನು ಕುರಿತು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಸರಕಾರಿ ಚಿತ್ರಕೋಶವನ್ನು ಬಲ್ಲವರಿಗೆ ಈ ಅಣಕು ತಟ್ಟನೆ ಹೊಳೆಯುತ್ತದೆ.

ರೋಗಿಯ ಕೈಯಲ್ಲಿ ಕ್ಯಾಮೆರಾ

1982ರಲ್ಲೇ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಆಸ್ಪತ್ರೆಯ ಹಾಸಿಗೆಯ ಸುತ್ತ ನಿಂತ ವಿದ್ಯಾರ್ಥಿಗಳ ನಡುವಿನಿಂದ ವೈದ್ಯರು ಬಂದು, ತೆಗೆದುಹಾಕಬೇಕಾದ ಸ್ತನದ ಮೇಲೆ ಶಾಯಿಯಲ್ಲಿ ಗುರುತು ಮಾಡಿ ಹೋದರೆಂದು ಜೋ ಬರೆದಿದ್ದಾರೆ. ಸ್ತನವನ್ನು ಪೂರ್ತಿ ತೆಗೆಯಲು ಅವರು ಒಪ್ಪಲಿಲ್ಲ. ಗಂಟನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಶಸ್ತ್ರಚಿಕಿತ್ಸೆಗೆ ಮುನ್ನ, ಈ ದೇಹಭಾಗ ಜೋ ಸ್ಪೆನ್ಸಳ ಸ್ವತ್ತೇ ಎಂದು ಕೇಳುವ ಬರಹವನ್ನು ಅದರ ಮೇಲೆಯೇ ಬರೆದು ಚಿತ್ರ ತೆಗೆಸಿಕೊಂಡರು. ಆ ಪ್ರಶ್ನಾರ್ಥಕ ಚಿಹ್ನೆಯೇ ಚಿತ್ರದ ಜೀವ. ತನ್ನದೆಂದು ಘೋಷಿಸುವ ಧೈರ್ಯ ಆ ರಾತ್ರಿ ಅವರಿಗೂ ಇರಲಿಲ್ಲವೆನ್ನಿ.

ಕ್ಯಾಮೆರಾವನ್ನು ಅವರು ವಾರ್ಡಿಗೂ ಒಯ್ದಿದ್ದರು. ಎಕ್ಸ್‌ರೇ ಯಂತ್ರದ ಫಲಕದ ನಡುವೆ ಸಿಕ್ಕಿಕೊಂಡ ಎದೆ, ಹಾಸಿಗೆಯಿಂದ ಕಂಡ ವೈದ್ಯರ ಗುಂಪು ಇವೆಲ್ಲ ಮುಂದೆ ಆರೋಗ್ಯದ ಚಿತ್ರವೆಂದರೆ ಇದೇ ಏನು ಎಂದು ಕೇಳುವ ಪ್ರದರ್ಶನವಾಗಿ ಊರೂರು ಸುತ್ತಿದವು. ಮನೆಯ ಅಲ್ಬಮ್ಮಿನಲ್ಲಿ ಇಲ್ಲದ ಕಾಯಿಲೆಯ ಪುಟವನ್ನು ಅವರು ಹೀಗೆ ತುಂಬಿದರು.

ಆಮೇಲಿನ ಚಿಕಿತ್ಸೆಗೆ ಅವರು ಚೀನೀ ಸಾಂಪ್ರದಾಯಿಕ ವೈದ್ಯವನ್ನು ನಂಬಿದರು. ಇಲ್ಲಿ ಒಂದು ಮಾತು ಅಗತ್ಯ. ಆರಂಭದ ಹಂತದ ರೋಗದಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೆ, ಸ್ತನವನ್ನು ಪೂರ್ತಿ ತೆಗೆದಷ್ಟೇ ಬದುಕುಳಿಯುವ ಸಾಧ್ಯತೆಯಿದೆ ಎಂಬುದನ್ನು 1980ರ ದಶಕದಿಂದೀಚಿನ ದೊಡ್ಡ ಅಧ್ಯಯನಗಳು ಸ್ಥಾಪಿಸಿವೆ. ಆ ಮಟ್ಟಿಗೆ ಅವರ ಹಟ ಕಾಲಕ್ಕಿಂತ ಮುಂದಿತ್ತು. ಆದರೆ ಆಧುನಿಕ ಚಿಕಿತ್ಸೆಯನ್ನು ಬಿಟ್ಟು ಪಥ್ಯ, ಗಿಡಮೂಲಿಕೆಗಳನ್ನೇ ನೆಚ್ಚುವುದನ್ನು ಮಾದರಿಯೆಂದು ಯಾರೂ ತಿಳಿಯಬಾರದು. ಜೋ ಅವರಿಂದ ಕಲಿಯಬೇಕಾದದ್ದು ಔಷಧಿಯ ಆಯ್ಕೆಯಲ್ಲ. ರೋಗಿಯೂ ಪ್ರಶ್ನೆ ಕೇಳಬಹುದು ಎಂಬುದು.

ಅವ್ವನ ಮೈಯೊಳಗೆ ಹೊಕ್ಕು

ಕಾಯಿಲೆ ಮೈಯಿಂದ ಮನಸ್ಸಿಗೆ ಇಳಿಯಿತು. ಗೆಳತಿ ರೋಸಿ ಮಾರ್ಟಿನ್ ಜೊತೆ ಅವರು 1983-84ರ ಸುಮಾರಿಗೆ ಆರಂಭಿಸಿದ ಪ್ರಯೋಗಕ್ಕೆ ಇಬ್ಬರೂ ಇಟ್ಟ ಹೆಸರು ಫೋಟೊಥೆರಪಿ. ಕಾಮಾಲೆಯಾದ ಹಸುಗೂಸನ್ನು ನೀಲಿ ಬೆಳಕಿನಡಿ ಮಲಗಿಸುವ ಚಿಕಿತ್ಸೆಗೂ ಆಸ್ಪತ್ರೆಗಳಲ್ಲಿ ಇದೇ ಹೆಸರು, ಇದು ಅದಲ್ಲ. ಇಬ್ಬರು ಸಮಾನ ಹೊತ್ತು ಹಂಚಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರು ಅಡ್ಡಮಾತಿಲ್ಲದೆ ಕೇಳುವ ಒಂದು ಆಪ್ತಸಮಾಲೋಚನೆಯ ಪದ್ಧತಿಯನ್ನು ಇಬ್ಬರೂ ಕಲಿತಿದ್ದರು. ಅದಕ್ಕೆ ಕ್ಯಾಮೆರಾ ಸೇರಿಸಿದರು.

ವಿಧಾನ ಸರಳ, ನಡೆಸುವುದು ಕಠಿಣ. ಮೊದಲು ಮಾತು. ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದ ಒಂದು ನೆನಪನ್ನು ಆರಿಸಿಕೊಳ್ಳಬೇಕು. ಬಳಿಕ ಅದಕ್ಕೆ ಬೇಕಾದ ಬಟ್ಟೆಬರೆ, ಪಾತ್ರೆಪಗಡಿಗಳನ್ನು ಹುಡುಕಿ ತರಬೇಕು. ಅರ್ಧ ನೆನಪು ಈ ಹುಡುಕಾಟದಲ್ಲೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅಭಿನಯ. ಏನಾಗಬೇಕೆಂದು ಹೇಳುವವರು ಕ್ಯಾಮೆರಾದ ಮುಂದಿರುವವರು. ಹಿಂದಿರುವವರು ಆ ಹೊತ್ತಿಗೆ ಒಳ್ಳೆಯ ತಾಯಿಯಂತೆ ಕಾಯುತ್ತಾರೆ, ಧೈರ್ಯ ಕೊಡುತ್ತಾರೆ, ಬೇಕಾದರೆ ಕೆಣಕುತ್ತಾರೆ. ಸ್ಟುಡಿಯೋದವನ ಅಧಿಕಾರ ಇಲ್ಲಿ ತಲೆಕೆಳಗಾಯಿತು. ಅನಂತರ ಸರದಿ ಬದಲು. ಕೊನೆಗೆ, ಕೆಲವು ದಿನ ಕಳೆದ ಮೇಲೆ, ಅಚ್ಚಾಗಿ ಬಂದ ಚಿತ್ರಗಳನ್ನು ಹರಡಿಕೊಂಡು ಮತ್ತೆ ಮಾತು. ಅಭಿನಯಿಸುವಾಗ ಕಾಣದ್ದು ಚಿತ್ರದಲ್ಲಿ ಕಾಣುತ್ತದೆ. ಚಿತ್ರಗಳ ಕ್ರಮ ಬದಲಿಸಿದರೆ ಕತೆಯೇ ಬದಲಾಗುತ್ತದೆ.

ಜೋ ಅವರು ಮತ್ತೆ ಮತ್ತೆ ಮರಳಿದ್ದು ತಾಯಿಯ ಬಳಿಗೆ. ತಾನು ಹುಟ್ಟಿದ ವರ್ಗದ ಬಗೆಗೆ ಅವರಿಗೆ ಬಾಲ್ಯದಿಂದಲೂ ನಾಚಿಕೆಯಿತ್ತು. ಮಾತಿನ ರೀತಿ ತಿದ್ದಿಕೊಂಡು, ಮಧ್ಯಮ ವರ್ಗದವರ ನಡುವೆ ಅವರಂತೆಯೇ ಬದುಕಲು ಕಲಿತ ಮೇಲೆ ಆ ನಾಚಿಕೆಯ ಗುರಿ ತಾಯಿಯಾದಳು. ಅವ್ವ ಸೋತವಳು, ಅವ್ವ ದಣಿದವಳು, ಅವ್ವ ನನ್ನನ್ನು ದೂರ ಕಳಿಸಿದವಳು. ಊರಿನ ಕನ್ನಡ ಶಾಲೆಯಲ್ಲಿ ಓದಿ ಬೆಂಗಳೂರು, ಹುಬ್ಬಳ್ಳಿಗಳ ಕಚೇರಿ ಸೇರಿದ ಎಷ್ಟೋ ಮಕ್ಕಳಿಗೆ, ತಾಯಿ ಕಚೇರಿಯ ಬಾಗಿಲಿಗೆ ಬಂದು ನಿಂತ ದಿನ ಆದ ಮುಜುಗರ ಹೇಳಿಕೊಳ್ಳಲಾರದ್ದು. ಅಂಥದೇ ಮುಜುಗರ, ಲಂಡನ್ನಿನದು.

1980ರ ದಶಕದ ನಡುವಿನಲ್ಲಿ ಮಾರ್ಟಿನ್ ಜೊತೆ ಮಾಡಿದ ಒಂದು ಮಾಲಿಕೆಯಲ್ಲಿ ಜೋ ಯುದ್ಧಕಾಲದ ಕಾರ್ಖಾನೆ ಕೆಲಸಗಾರ್ತಿಯಾದ ತಾಯಿಯ ವೇಷ ತೊಟ್ಟರು. ಅಲ್ಬಮ್ಮಿನಲ್ಲಿ ಎಂದೂ ಸ್ಥಾನ ಪಡೆಯದ ಹೆಂಗಸು ಆಕೆ. ಮಗಳಾಗಿ ಹೊರಗಿನಿಂದ ನೋಡುವಾಗ ನಿರ್ಲಕ್ಷ್ಯವೆಂದು ಕಂಡದ್ದು, ಆ ಬಟ್ಟೆ ತೊಟ್ಟು ಆ ನಿಲುವಿನಲ್ಲಿ ನಿಂತಾಗ ದಣಿವಾಗಿ ಕಂಡಿತು. ಮನೆಯಲ್ಲೊಂದು, ಕಾರ್ಖಾನೆಯಲ್ಲೊಂದು ಎರಡು ಪಾಳಿ ದುಡಿದು ಬಂದವಳ ಮುಖದಲ್ಲಿ ಮಮತೆ ಹುಡುಕಿ ಸಿಗಲಿಲ್ಲವೆಂದು ಮುನಿದಿದ್ದ ಮಗಳಿಗೆ, ಆ ಮುಖ ಏಕೆ ಹಾಗಿತ್ತೆಂಬುದು ಮೈಯಿಂದ ಅರ್ಥವಾಯಿತು. ಕ್ಷಮೆ ಎಂಬ ದೊಡ್ಡ ಪದ ಇದಕ್ಕೆ ಬೇಡ. ಸಿಟ್ಟು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿತು. ತಾಯಿಯ ಮೇಲಿಂದ ಇಳಿದು, ತಾಯಿಯನ್ನು ಹಾಗೆ ಮಾಡಿದ ವ್ಯವಸ್ಥೆಯ ಕಡೆ ತಿರುಗಿತು.

ತಂದೆಯ ವೇಷವನ್ನೂ ಅವರು ತೊಟ್ಟರು, ಮದುವಣಗಿತ್ತಿಯದನ್ನೂ ತೊಟ್ಟರು. ಆಸ್ಪತ್ರೆಯಲ್ಲಿ ರೋಗಿಯನ್ನು ಎಳೆಗೂಸಿನಂತೆ ಕಾಣುವುದನ್ನು ತೋರಿಸಲು ಎಳೆಗೂಸಿನ ವೇಷದಲ್ಲಿ ಕುಳಿತರು. 1989ರ ಇನ್ನೊಂದು ಮಾಲಿಕೆಯಲ್ಲಿ ಮನೆಗೆಲಸದ ಉಡುಪಿನ ಹೆಂಗಸೂ ಬಯಕೆಯುಳ್ಳ ಹೆಂಗಸೂ ಒಬ್ಬಳೇ ಆಗಿ ಎದುರು ನಿಲ್ಲುತ್ತಾಳೆ. ಎಲ್ಲ ಚಿತ್ರಗಳೂ ಕಲೆಯಾಗಿ ಗೆದ್ದಿವೆ ಎನ್ನಲಾಗದು. ಕೆಲವು ಒರಟು, ಕೆಲವು ಹೇಳಬೇಕಾದದ್ದನ್ನು ಕೂಗಿ ಹೇಳುತ್ತವೆ. ಆದರೆ ಅವು ಗ್ಯಾಲರಿಯ ಗೋಡೆಗಾಗಿ ಹುಟ್ಟಿದವಲ್ಲ ಎಂಬುದನ್ನು ನೆನೆದರೆ ಈ ಆಕ್ಷೇಪಕ್ಕೆ ತೂಕ ಕಡಿಮೆ.

ಉತ್ತರ ಕರ್ನಾಟಕದವರಿಗೆ ಈ ಪ್ರಯೋಗ ತೀರ ಪರಕೀಯವಾಗಿ ತೋರಬೇಕಿಲ್ಲ. ದೊಡ್ಡಾಟದ ರಂಗದ ಮೇಲೆ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಬ್ಬರಿಸುವವನು ಹಗಲು ಹೊಲದಲ್ಲಿ ಕುಂಟೆ ಹೊಡೆದವನೇ. ವೇಷ ಕಟ್ಟಿದ ಮೇಲೆ ಹಗಲು ಆಡಲಾಗದ ಮಾತನ್ನು ಅವನು ಇರುಳು ಆಡಬಲ್ಲ. ವೇಷವೆಂದರೆ ಮುಚ್ಚುವುದೆಂದು ಪೇಟೆಯವರ ತಿಳಿವಳಿಕೆ. ಆಟದವರಿಗೆ ಅದು ಬಿಚ್ಚುವುದು.

ಯಾರ ಕಣ್ಣು, ಯಾರ ಮುಖ

ಮನಸ್ಸಿನ ಚಿಕಿತ್ಸೆಗೆ ಛಾಯಾಚಿತ್ರವನ್ನು ಬಳಸಿದವರಲ್ಲಿ ಜೋ ಮೊದಲಿಗರಲ್ಲ. ಇಂಗ್ಲೆಂಡಿನ ಸರ್ರೆ ಜಿಲ್ಲೆಯ ಹುಚ್ಚಾಸ್ಪತ್ರೆಯಲ್ಲಿ ವೈದ್ಯರಾಗಿದ್ದ ಹ್ಯೂ ಡೈಮಂಡ್ ತಮ್ಮ ರೋಗಿಗಳ ಮುಖಗಳನ್ನು ತೆಗೆದು, ತನ್ನ ಚಿತ್ರ ಕಂಡ ರೋಗಿ ಚೇತರಿಸಿಕೊಳ್ಳಬಹುದೆಂದು 1856ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ್ದರು. ಅಲ್ಲಿ ಕ್ಯಾಮೆರಾ ವೈದ್ಯನದು, ಮುಖ ರೋಗಿಯದು.

ಹೆಚ್ಚುಕಡಿಮೆ ಅದೇ ವರುಷಗಳಲ್ಲಿ ಧಾರವಾಡ ಸೀಮೆಗೂ ಕ್ಯಾಮೆರಾ ಬಂದಿತ್ತು. 1855ರಿಂದ 1857ರ ನಡುವೆ ಕರ್ನಲ್ ಬಿಗ್ಸ್ ಹಾಗೂ ಡಾಕ್ಟರ್ ಪಿಗೌ ಸರಕಾರದ ಪರವಾಗಿ ಗುಡಿಗುಂಡಾರಗಳ ಚಿತ್ರ ತೆಗೆಯುತ್ತ ತಿರುಗಿದರು. ಕಲ್ಲು ಕಂಬಗಳು ಅವರ ವಿಷಯ, ಜನರಲ್ಲ. ಮರುವರುಷ, 1858ರ ಮೇ ಕೊನೆಯಲ್ಲಿ ನರಗುಂದ ಸಿಡಿಯಿತು. ದತ್ತು ಸ್ವೀಕಾರಕ್ಕೆ ಕಂಪನಿ ಸರಕಾರ ಒಪ್ಪದೆ ಮನೆತನವೇ ಮುಗಿದುಹೋಗುವ ಸ್ಥಿತಿಯಲ್ಲಿದ್ದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಬಂಡಾಯವೆದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂಬುದು ನರಗುಂದದವರು ಇಂದಿಗೂ ಮರೆಯದ ಸಂಗತಿ. ಆ ಮನೆತನದ ಕೊನೆಯ ದಿನಗಳನ್ನು ಊರು ತನ್ನ ಕಣ್ಣೆದುರು ತಂದುಕೊಂಡದ್ದು ನಾಟಕದ ವೇಷದಲ್ಲಿ. ಚಿತ್ರವಿಲ್ಲದ ಕಡೆ ಅಭಿನಯವೇ ಅಲ್ಬಮ್ಮು.

ಡೈಮಂಡ್ ಮತ್ತು ಜೋ ಅವರ ನಡುವಿನ ಅಂತರ ನೂರಿಪ್ಪತ್ತು ಚಿಲ್ಲರೆ ವರುಷಗಳದ್ದು ಮಾತ್ರವಲ್ಲ. ನೋಡುವ ಅಧಿಕಾರವನ್ನು ಜೋ ನೋಡಿಸಿಕೊಳ್ಳುವವಳ ಕೈಗೆ ತಂದರು. ಅವರ ಸಮಕಾಲೀನರಾದ ಕೆನಡಾದ ಮನಶ್ಶಾಸ್ತ್ರಜ್ಞೆ ಜೂಡಿ ವೈಸರ್ ರೋಗಿಗಳ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಮಾತಿಗೆಳೆಯುವ ಶಿಸ್ತನ್ನು ಬೆಳೆಸಿದರು. ಅದು ತರಬೇತಿ ಪಡೆದ ಚಿಕಿತ್ಸಕರ ದಾರಿ. ಜೋ ಅಂಥ ಚಿಕಿತ್ಸಕಿಯಲ್ಲ. ಹಾಗೆಂದೇ ಒಂದು ಎಚ್ಚರವೂ ಬೇಕು: ಹಳೆಯ ಗಾಯವನ್ನು ಕೆದಕುವುದು ಸುಲಭ, ಕೆದಕಿದ ಮೇಲೆ ಕಟ್ಟು ಹಾಕುವವರು ಬಳಿಯಲ್ಲಿರಬೇಕು. ಜೋ ಅವರ ಬಳಿ ಮಾರ್ಟಿನ್ ಇದ್ದರು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಕೆಲಸ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರದು. ಶಿಲ್ಪಿಯಾಗಿ ಹೊರಟ ಅವರು 1990ರ ದಶಕದ ನಡುವಿನಿಂದ ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತರು. ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಹೆಂಗಸರ ಮಾಲಿಕೆಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಬ್ರಿಟಿಷರ ಅಳತೆಪಟ್ಟಿಯ ಮುಂದೆ ನಿಂತವಳೂ ಅವರೇ. ದೆಹಲಿಯ ವಿವಾನ್ ಸುಂದರಂ ತಮ್ಮ ತಾತ ಉಮರಾವ್ ಸಿಂಗ್ ಶೇರ್‌ಗಿಲ್ ತೆಗೆದ ಮನೆಯ ಫೋಟೊಗಳನ್ನು ಬೆಸೆದು, ಚಿಕ್ಕಂದಿನಿಂದ ಕೇಳುತ್ತ ಬಂದ ದೊಡ್ಡಮ್ಮ ಅಮೃತಾರನ್ನು ಮರುಸೃಷ್ಟಿಸಿದರು. ಇವರಿಬ್ಬರ ಉದ್ದೇಶ ಚಿಕಿತ್ಸೆಯಲ್ಲ. ಪುಷ್ಪಮಾಲಾ ಅವರದು ಚರಿತ್ರೆಯೊಡನೆ ಚೇಷ್ಟೆ, ಸುಂದರಂ ಅವರದು ಮನೆತನದೊಡನೆ ಮಾತುಕತೆ. ಆದರೂ ಹಳೆಯ ಚಿತ್ರ ಮುಗಿದ ಸಂಗತಿಯಲ್ಲ, ಅದರೊಳಗೆ ಮತ್ತೆ ಹೊಕ್ಕು ಬರಬಹುದು ಎಂಬುದರಲ್ಲಿ ಮೂವರೂ ಒಂದೇ.

ಮೈ ಸೋತ ಮೇಲೆ

1986ರಲ್ಲಿ ಜೋ ಅವರ ಆತ್ಮಕಥನ ಚಿತ್ರಬರಹಗಳೊಡನೆ ಪುಸ್ತಕವಾಯಿತು. 1991ರಲ್ಲಿ ಪೆಟ್ರಿಶಿಯಾ ಹಾಲೆಂಡ್ ಜೊತೆ ಸಂಪಾದಿಸಿದ ಗ್ರಂಥವೊಂದು ಮನೆಯ ಫೋಟೊಗಳನ್ನು ಅಧ್ಯಯನದ ವಸ್ತುವಾಗಿ ನಿಲ್ಲಿಸಿತು. ಆ ನಡುವೆ ವೈದ್ಯ ಟಿಮ್ ಶೀರ್ಡ್ ಜೊತೆಗೂಡಿ, ಶಸ್ತ್ರಚಿಕಿತ್ಸೆಯ ಗುರುತು ಹೊತ್ತ ತಮ್ಮ ದೇಹವನ್ನು ಬಚ್ಚಿಡದೆ ತೋರಿದ ಮಾಲಿಕೆಯನ್ನೂ ಮಾಡಿದ್ದರು. ಆ ಹೊತ್ತಿಗೆ ವೈದ್ಯರ ಮೇಲಿನ ಸಿಟ್ಟು ಕರಗಿತ್ತೆಂದಲ್ಲ. ಕ್ಯಾಮೆರಾದ ಹಿಂದೆ ವೈದ್ಯನನ್ನು ನಿಲ್ಲಿಸುವಷ್ಟು ತನ್ನ ಮೇಲೆ ನಂಬಿಕೆ ಬಂದಿತ್ತು.

ಆಮೇಲೆ ರಕ್ತದ ಕ್ಯಾನ್ಸರ್ ಬಂತು. ಸ್ತನದ ಗಂಟನ್ನು ಚಿತ್ರ ತೆಗೆಯಬಹುದಿತ್ತು, ಗಾಯದ ಗೆರೆಯನ್ನು ತೋರಿಸಬಹುದಿತ್ತು. ರಕ್ತದಲ್ಲಿರುವ ರೋಗ ಕಣ್ಣಿಗೆ ಕಾಣುವುದಿಲ್ಲ. ವೇಷ ಕಟ್ಟಿ ನಿಲ್ಲುವ ಶಕ್ತಿಯೂ ಉಡುಗುತ್ತಿತ್ತು. ಡೆನೆಟ್ ಜೊತೆ 1991-92ರಲ್ಲಿ ಕೈಗೊಂಡ ಕೊನೆಯ ಕೆಲಸದಲ್ಲಿ ಅವರು ಬೇರೆ ದಾರಿ ಹಿಡಿದರು. ಸತ್ತವರನ್ನು ಹಬ್ಬ ಮಾಡಿ ಕರೆಯುವ ಮೆಕ್ಸಿಕೋದವರ, ಸಾವಿಗೆ ಸಾಮಗ್ರಿ ಜೋಡಿಸುವ ಪ್ರಾಚೀನ ಈಜಿಪ್ಟಿನವರ ಆಚರಣೆಗಳನ್ನು ಓದಿದರು. ತಮ್ಮ ಬದಲಿಗೆ ಬೊಂಬೆ, ಅಸ್ಥಿಪಂಜರ, ಮುಖವಾಡಗಳನ್ನು ಮುಂದೆ ನಿಲ್ಲಿಸಿದರು. ತಮ್ಮದೇ ಹಳೆಯ ಸ್ಲೈಡುಗಳ ಮೇಲೆ ಭೂದೃಶ್ಯಗಳನ್ನು ಹೊಂದಿಸಿ, ಎರಡನ್ನೂ ಒಟ್ಟಿಗೆ ಹಾಯ್ದ ಬೆಳಕಿನಲ್ಲಿ, ಮೈ ನಿಧಾನವಾಗಿ ಮಣ್ಣು, ನೀರು, ಗಿಡಗಳಲ್ಲಿ ಕರಗುವಂತೆ ಚಿತ್ರ ಮಾಡಿದರು. ಜೀವನವಿಡೀ ಎದುರು ನಿಂತು ದಿಟ್ಟಿಸಿದ ಮುಖ ಈ ಚಿತ್ರಗಳಲ್ಲಿ ಮಾತ್ರ ಹಿಂದಕ್ಕೆ ಸರಿಯುತ್ತದೆ.

1992ರ ಜೂನ್ 24ರಂದು, ಐವತ್ತೆಂಟು ತುಂಬಿದ ಒಂಬತ್ತನೆಯ ದಿನ, ಜೋ ಸ್ಪೆನ್ಸ್ ಹ್ಯಾಂಪ್‌ಸ್ಟೆಡ್‌ನ ಆರೈಕೆ ಮನೆಯಲ್ಲಿ ಕೊನೆಯುಸಿರೆಳೆದರು. ತಮ್ಮ ಮೊದಲ ಸ್ಟುಡಿಯೋದಲ್ಲಿ ಅವರು ಜನರನ್ನು ನಗಿಸಿ ಕಳಿಸುತ್ತಿದ್ದದ್ದು ಅದೇ ಬಡಾವಣೆಯಲ್ಲಿ. ಅವರ ಚಿತ್ರ, ಕಾಗದಪತ್ರಗಳನ್ನು ಟೆರ್ರಿ ಡೆನೆಟ್ 2018ರಲ್ಲಿ ತಾವು ಸಾಯುವವರೆಗೆ ಕಾಪಾಡಿಕೊಂಡು ಬಂದರು. ಒಂದು ಭಾಗ ಲ��ಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ, ಇನ್ನೊಂದು ದೊಡ್ಡ ಭಾಗ ಕೆನಡಾದ ಟೊರಾಂಟೋದಲ್ಲಿದೆ. ಎಂಟೂವರೆ ತಿಂಗಳ ಬತ್ತಲೆ ಕೂಸಿನ ಪಕ್ಕದಲ್ಲಿ ಐನೂರ ಇಪ್ಪತ್ತೆಂಟು ತಿಂಗಳ ಬಳಿಕದ ಹೆಂಗಸನ್ನು ಮಲಗಿಸಿದ ಆ ಜೋಡಿಚಿತ್ರವನ್ನು ಪ್ರದರ್ಶನಗಳಲ್ಲಿ ಈಗಲೂ ಒತ್ತಟ್ಟಿಗೇ ತೂಗುಹಾಕುತ್ತಾರೆ.